ಚೌಕ ಹಾಕಿದ್ದು ನಾನೇ

ಸಹೋದರಿಯರೇ, ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಮೊದಲು ಇಳಿಸಿ ಬನ್ನಿ. ಒಂದು ಪೆನ್ನು ಮತ್ತು ಮಕ್ಕಳ ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಹಾಳೆಯ ನಡುವೆ ಒಂಬತ್ತು ಚುಕ್ಕಿಗಳನ್ನಿಡಿ. ಸಾಲಿಗೆ ಮೂರರಂತೆ ಮೂರು ಸಾಲು, ಎಲ್ಲ ಕಡೆ ಒಂದೇ ಅಂತರವಿರಲಿ. ಈಗ ಪೆನ್ನನ್ನು ಹಾಳೆಯಿಂದ ಎತ್ತದೆ, ನಾಲ್ಕೇ ನೇರ ಗೆರೆಗಳಲ್ಲಿ ಒಂಬತ್ತೂ ಚುಕ್ಕಿಗಳನ್ನು ಮುಟ್ಟಿ. ಐದು ಗೆರೆಗಳಲ್ಲಾದರೆ ಯಾರಿಗೂ ಬರುತ್ತದೆ. ನಾಲ್ಕರಲ್ಲಿ ಮಾಡಲು ಹೊರಟರೆ ಯಾವಾಗಲೂ ಒಂದು ಚುಕ್ಕಿ ಉಳಿದುಬಿಡುತ್ತದೆ. ನನಗೂ ಉಳಿದಿತ್ತು, ವರ್ಷಗಟ್ಟಲೆ.

ಶಿಕ್ಷಕರ ತರಬೇತಿಯೊಂದರಲ್ಲಿ ಈ ಒಗಟನ್ನು ಕೇಳಿ ಡೈರಿಯಲ್ಲಿ ಬರೆದುಕೊಂಡಿದ್ದೆ. ಉತ್ತರ ಹೇಳುವಷ್ಟರಲ್ಲಿ ಊಟದ ಗಂಟೆ ಬಾರಿಸಿತ್ತು. ಮರುದಿನ ಕೇಳೋಣವೆಂದುಕೊಂಡವಳು ಕೇಳಲೇ ಇಲ್ಲ. ಮದ್ರಸದಲ್ಲಿ ಕಲಿತು, ಆಮೇಲೆ ಅಂಚೆ ಮೂಲಕ ಬಿ.ಎ. ಮುಗಿಸಿದವಳು ನಾನು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಕೇಳುವ ಧೈರ್ಯ ಆಗ ಕಡಿಮೆಯಿತ್ತು. "ಇವಳು ಮದ್ರಸದವಳು" ಎಂಬ ಮಾತು ಎಲ್ಲಿಂದಲಾದರೂ ಬಂದೀತೆಂದು ಕಿವಿ ಯಾವಾಗಲೂ ನಿಮಿರಿಕೊಂಡೇ ಇರುತ್ತಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದ ದಿನ ಗಣಿತದ ಟೀಚರ್ ರಜೆಯಲ್ಲಿದ್ದರು. ಏಳನೇ ತರಗತಿಯ ಪೀರಿಯಡ್ ನನ್ನ ಪಾಲಿಗೆ ಬಂತು. ಗದ್ದಲ ನಿಲ್ಲಿಸಲು ಬೋರ್ಡಿನ ಮೇಲೆ ಒಂಬತ್ತು ಚುಕ್ಕಿಗಳನ್ನಿಟ್ಟೆ. "ಟೀಚರ್, ರಂಗೋಲಿಯಾ?" ಎಂದು ಯಾರೋ ಕೇಳಿದರು, ಎಲ್ಲರೂ ನಕ್ಕರು. ನನ್ನದೊಂದು ಅಭ್ಯಾಸವಿದೆ. ಬೋರ್ಡಿನಲ್ಲಿ ಏನು ಬರೆದರೂ ಸುತ್ತ ಚೌಕ ಹಾಕದಿದ್ದರೆ ಸಮಾಧಾನವಿಲ್ಲ. ಅಂದೂ ಚುಕ್ಕಿಗಳ ಸುತ್ತ ಅಂದವಾಗಿ ಚೌಕ ಹಾಕಿದೆ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಬಂದಳು. ಹೆಸರು ಬೇಡ, ಈಗ ದೊಡ್ಡವಳಾಗಿದ್ದಾಳೆ. ಮಾತು ಕಡಿಮೆ, ಗಣಿತದಲ್ಲಿ ಅಂಕವೂ ಕಡಿಮೆ. ಅವಳ ಅಬ್ಬ ಆಟೋ ಓಡಿಸುತ್ತಿದ್ದರು. ಸೀಮೆಸುಣ್ಣ ತೆಗೆದುಕೊಂಡು ಮೇಲಿನ ಸಾಲಿನ ಮೂರು ಚುಕ್ಕಿಗಳ ಮೇಲೆ ಗೆರೆ ಎಳೆದಳು. ಗೆರೆ ನಿಲ್ಲಲಿಲ್ಲ, ನನ್ನ ಚೌಕವನ್ನು ದಾಟಿ ಆಚೆ ಹೋಯಿತು.

"ನಿಲ್ಲು, ಹೊರಗೆ ಯಾಕೆ ಹೋದೆ? ಚೌಕ ಕಾಣುವುದಿಲ್ಲವೇ?" ಎಂದು ಗದರಿದೆ.

"ಟೀಚರ್, ನಮ್ಮ ಓಣಿಯಲ್ಲಿ ಅಬ್ಬನಿಗೆ ಮನೆ ಮುಂದೆ ಆಟೋ ತಿರುಗಿಸಲಿಕ್ಕೆ ಆಗುವುದಿಲ್ಲ. ಮುಂದೆ ಹೋಗಿ ತಿರುಗಿಸಿ..." ಎಂದು ಶುರುಮಾಡಿದಳು.

ತರಗತಿ ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. "ಇದು ಆಟೋ ಅಲ್ಲ, ಹೋಗಿ ಕೂತುಕೋ" ಎಂದೆ. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಹೋಗಿ ಕೂತಳು.

ಸುಮಾರು ಎರಡು ವಾರಗಳ ಬಳಿಕ ಒಂದು ಸಂಜೆ ರೊಟ್ಟಿ ತಟ್ಟುತ್ತಿದ್ದೆ. ಪಿಯುಸಿ ಓದುತ್ತಿದ್ದ ಮಗ ಪಕ್ಕದಲ್ಲಿದ್ದ. ಮಾತಿಗೆ ಮಾತು ಬಂದು ಒಂಬತ್ತು ಚುಕ್ಕಿಯ ಒಗಟು ಹೇಳಿದೆ. "ಅಯ್ಯೋ ಉಮ್ಮಾ, ಅದು ಹಳೆಯದು" ಎಂದವನು ಮಣೆಯ ಮೇಲೆ ಹರಡಿದ್ದ ಅಕ್ಕಿ ಹಿಟ್ಟಿನಲ್ಲಿ ಬೆರಳಿನಿಂದಲೇ ಬಿಡಿಸಿ ತೋರಿಸಿದ. ನೀವೂ ನೋಡಿ. ಮೇಲಿನ ಎಡ ಮೂಲೆಯ ಚುಕ್ಕಿಯಿಂದ ಬಲಕ್ಕೆ ಗೆರೆ ಎಳೆಯಿರಿ. ಮೂರನೇ ಚುಕ್ಕಿ ದಾಟಿ, ಇನ್ನೊಂದು ಚುಕ್ಕಿ ಹಿಡಿಸುವಷ್ಟು ದೂರ ಆಚೆ ಹೋಗಿ. ಅಲ್ಲಿಂದ ಎಡಕ್ಕೆ ಓರೆಯಾಗಿ ಇಳಿಯಿರಿ. ನಡುಸಾಲಿನ ಕೊನೆಯ ಚುಕ್ಕಿ, ಕೆಳಸಾಲಿನ ನಡುವಿನ ಚುಕ್ಕಿ ಎರಡೂ ಸಿಗುತ್ತವೆ. ಅಲ್ಲೂ ನಿಲ್ಲದೆ ಎಡ ಮೂಲೆಯ ಚುಕ್ಕಿಯ ನೇರ ಕೆಳಗಿನವರೆಗೆ ಹೋಗಿ. ಅಲ್ಲಿಂದ ನೆಟ್ಟಗೆ ಮೇಲಕ್ಕೆ ಬಂದು ಮೊದಲ ಚುಕ್ಕಿಗೆ ಸೇರಿ. ನಾಲ್ಕನೆಯ ಗೆರೆ ಅಲ್ಲಿಂದ ನಡುಚುಕ್ಕಿಯ ಮೂಲಕ ಬಲ ಕೆಳಮೂಲೆಗೆ. ಮುಗಿಯಿತು.

ಹಿಟ್ಟಿನ ಮೇಲಿನ ಆ ಮೊದಲ ಗೆರೆ ನೋಡಿ ನನ್ನ ಕೈ ನಿಂತುಹೋಯಿತು. ಅದೇ ಗೆರೆ. ಒಗಟಿನಲ್ಲಿ ಚೌಕದ ಮಾತೇ ಇಲ್ಲ. ಚೌಕ ಹಾಕಿದ್ದು ನಾನು, ದಾಟಿದ್ದಕ್ಕೆ ಬೈದದ್ದೂ ನಾನೇ.

ಆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮವರಿಗೆ ಹೇಳಿದರೆ, "ಇಷ್ಟಕ್ಕೆ ಇಷ್ಟೊಂದು ಯೋಚನೆಯಾ? ಮಕ್ಕಳು ಮರೆತಿರುತ್ತಾರೆ" ಎಂದರು. ಅವಳು ಮರೆತಿರಲಿಲ್ಲ. ಅಂದಿನಿಂದ ನನ್ನ ಕನ್ನಡ ಪೀರಿಯಡ್‌ನಲ್ಲೂ ಕೈ ಎತ್ತುವುದನ್ನು ಬಿಟ್ಟಿದ್ದಳು. ನಾನದನ್ನು ಗಮನಿಸಿದ್ದೆ, ಕಾರಣ ಹುಡುಕಿರಲಿಲ್ಲ ಅಷ್ಟೇ.

ನಿದ್ದೆ ಬಾರದ ಹೊತ್ತಿನಲ್ಲಿ ಮದ್ರಸದ ಉಸ್ತಾದರು ಆಸ್ತಿ ಪಾಲಿನ ಪಾಠದ ನಡುವೆ ಹೇಳುತ್ತಿದ್ದ ಹದಿನೇಳು ಒಂಟೆಗಳ ಕಥೆ ನೆನಪಾಯಿತು. ಒಬ್ಬನಿಗೆ ಅರ್ಧ, ಇನ್ನೊಬ್ಬನಿಗೆ ಮೂರರಲ್ಲೊಂದು, ಮತ್ತೊಬ್ಬನಿಗೆ ಒಂಬತ್ತರಲ್ಲೊಂದು ಪಾಲು. ಒಂಟೆ ಕಡಿಯದೆ ಹಂಚುವುದು ಹೇಗೆ? ದಾರಿಹೋಕನೊಬ್ಬ ತನ್ನ ಒಂಟೆಯನ್ನು ಸೇರಿಸಿ 18 ಮಾಡಿದ. 9, 6, 2 ಹಂಚಿದ, ಒಟ್ಟು 17. ಉಳಿದ ತನ್ನದನ್ನು ಹತ್ತಿ ಹೊರಟುಹೋದ. ಅರ್ಧ, ಮೂರರಲ್ಲೊಂದು, ಒಂಬತ್ತರಲ್ಲೊಂದು ಕೂಡಿದರೆ ಹದಿನೆಂಟರಲ್ಲಿ ಹದಿನೇಳೇ ಆಗುತ್ತದೆ, ಗುಟ್ಟು ಅಲ್ಲಿದೆ. "ಇದು ಬುದ್ಧಿಗೆ ಕಸರತ್ತು, ಫರಾಯಿಲ್‌ನ ಲೆಕ್ಕವಲ್ಲ, ಒಂಬತ್ತರಲ್ಲೊಂದು ಎಂಬ ಪಾಲು ಅಲ್ಲಿಲ್ಲ" ಎಂದೂ ಉಸ್ತಾದರು ಸೇರಿಸುತ್ತಿದ್ದರು. ಹೊರಗಿನಿಂದ ಒಂದು ಒಂಟೆ ಬರಬಹುದೆಂದು ಹದಿಮೂರನೇ ವಯಸ್ಸಿನಲ್ಲೇ ಕಲಿತಿದ್ದ ನನಗೆ ಒಂದು ಗೆರೆ ಹೊರಗೆ ಹೋಗಬಹುದೆಂದು ಹೊಳೆಯಲಿಲ್ಲವಲ್ಲ!

ಮಗ ಈ ಒಗಟಿನ ಬಗ್ಗೆ ಇನ್ನಷ್ಟು ಹುಡುಕಿ ಕೊಟ್ಟ. ಅಮೆರಿಕದ ಸ್ಯಾಮ್ ಲಾಯ್ಡ್ ಎಂಬವರ ಒಗಟುಗಳ ಸಂಗ್ರಹ 1914ರಲ್ಲಿ, ಅವರು ತೀರಿಹೋದ ಮೇಲೆ ಪ್ರಕಟವಾಯಿತು. ಅದರಲ್ಲಿ ಇದು ಕೊಲಂಬಸನ ಮೊಟ್ಟೆಯ ಹೆಸರಿನಲ್ಲಿದೆ, ಚುಕ್ಕಿಗಳ ಬದಲು ಒಂಬತ್ತು ಮೊಟ್ಟೆಗಳು. ನೇರ ದಾರಿ ಬಿಟ್ಟು ಪಕ್ಕದಿಂದ ಯೋಚಿಸುವುದಕ್ಕೆ 'ಲ್ಯಾಟರಲ್ ಥಿಂಕಿಂಗ್' ಎಂಬ ಹೆಸರು ಕೊಟ್ಟವರು ಮಾಲ್ಟಾ ದೇಶದ ವೈದ್ಯ ಎಡ್ವರ್ಡ್ ಡಿ ಬೋನೊ, 1967ರಲ್ಲಿ. ಆದರೆ ನನ್ನ ಮನಸ್ಸಿಗೆ ನಾಟಿದ್ದು ಬೇರೆಯೇ ಸಂಗತಿ. 1981ರಲ್ಲಿ ವೈಸ್‌ಬರ್ಗ್ ಮತ್ತು ಆಲ್ಬಾ ಎಂಬ ಸಂಶೋಧಕರು ಜನರಿಗೆ ಈ ಒಗಟು ಕೊಟ್ಟು, ಗೆರೆ ಚೌಕದ ಹೊರಗೆ ಹೋಗಬೇಕು ಎಂದು ಬಾಯಿಬಿಟ್ಟು ಹೇಳಿಯೂ ನೋಡಿದರು. ಆಗಲೂ ಹೆಚ್ಚಿನವರಿಗೆ ಬಿಡಿಸಲಾಗಲಿಲ್ಲ. ಹೊರಗೆ ಹೋದರೆ ಸಾಲದು, ಎಲ್ಲಿ ತಿರುಗಬೇಕೆಂದು ಗೊತ್ತಿರಬೇಕು. ಈ ಹುಡುಗಿ ಅದನ್ನು ತನ್ನ ಅಬ್ಬನ ಆಟೋದ ಹಿಂದಿನ ಸೀಟಿನಲ್ಲಿ ಕೂತು ನೋಡಿದ್ದಳು.

ಮರುದಿನ ಅದೇ ತರಗತಿಗೆ ಹೋದೆ. ಒಬ್ಬಳನ್ನೇ ಸ್ಟಾಫ್ ರೂಮಿಗೆ ಕರೆದು ಹೇಳಬಹುದಿತ್ತು, ಸುಲಭವಾಗುತ್ತಿತ್ತು. ಆದರೆ ನಕ್ಕದ್ದು ಎಲ್ಲರ ಎದುರಿನಲ್ಲಿ. ಚುಕ್ಕಿಗಳನ್ನಿಟ್ಟೆ, ಚೌಕ ಹಾಕಲಿಲ್ಲ. "ಅಂದು ಇವಳು ಎಳೆದ ಗೆರೆ ಸರಿಯಾಗಿತ್ತು, ತಪ್ಪು ನನ್ನದು. ನನಗೆ ಉತ್ತರವೇ ಗೊತ್ತಿರಲಿಲ್ಲ" ಎಂದೆ. ಬಾಯಿ ಒಣಗಿತ್ತು. ಸೀಮೆಸುಣ್ಣ ಚಾಚಿದೆ. ಅವಳು ಬೇಗ ಏಳಲಿಲ್ಲ. ಪಕ್ಕದವಳು ತಿವಿದ ಮೇಲೆ ಬಂದು, ನನ್ನ ಮುಖ ನೋಡದೆ ನಾಲ್ಕು ಗೆರೆಗಳನ್ನೂ ಎಳೆದಳು. ಎರಡನೆಯ ತಿರುವಿನಲ್ಲಿ ಸ್ವಲ್ಪ ತಡವರಿಸಿದಳು, ಒರೆಸಿ ಮತ್ತೆ ಎಳೆದಳು.

ಅಷ್ಟಕ್ಕೆ ಮುಗಿಯಿತೆಂದುಕೊಂಡೆ. ಹೋಗುವಾಗ ತಿರುಗಿ, "ಟೀಚರ್, ಮೂರು ಗೆರೆಯಲ್ಲಿ ಆಗುತ್ತದಾ?" ಎಂದು ಕೇಳಿದಳು.

ಆಗುವುದಿಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ನುಂಗಿಕೊಂಡು "ಗೊತ್ತಿಲ್ಲ, ನೋಡೋಣ" ಎಂದೆ. ಮನೆಗೆ ಹೋಗಿ ಮಗನನ್ನು ಕೇಳಿದರೆ, ಆಗುತ್ತದೆ ಎಂದ. ಚುಕ್ಕಿ ಎಂದರೆ ಬಿಂದುವಲ್ಲ, ಅದಕ್ಕೆ ಅಗಲವಿದೆ. ಮೊದಲ ಚುಕ್ಕಿಯ ಮೇಲಂಚು, ಎರಡನೆಯದರ ನಡು, ಮೂರನೆಯದರ ಕೆಳಂಚು ಮುಟ್ಟುವಂತೆ ಗೆರೆಯನ್ನು ತುಸು ಓರೆಯಾಗಿ ಎಳೆದು ಬಹುದೂರ ಒಯ್ದರೆ, ಅಲ್ಲಿಂದ ತಿರುಗಿ ಎರಡನೆಯ ಸಾಲು, ಮತ್ತೆ ತಿರುಗಿ ಮೂರನೆಯ ಸಾಲು. ಅಮೆರಿಕದಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಇದನ್ನು ಒಂದೇ ಗೆರೆಯಲ್ಲಿ ಬಿಡಿಸಿದ್ದಳಂತೆ. ಗೆರೆ ದಪ್ಪವಾಗಿರಬಾರದು ಎಂದು ಯಾರು ಹೇಳಿದರು ಎಂಬುದು ಅವಳ ವಾದ!

ಮೂರು ಗೆರೆಗೆ ಬೋರ್ಡು ಸಾಲುವುದಿಲ್ಲ. ಮಳೆ ಬಿಟ್ಟ ಒಂದು ದಿನ ಮಕ್ಕಳನ್ನು ಶಾಲೆಯ ಸಿಮೆಂಟಿನ ಅಂಗಳಕ್ಕೆ ಕರೆದುಕೊಂಡು ಹೋದೆ. 20 ಸೆಂಟಿಮೀಟರ್ ಅಂತರದಲ್ಲಿ, 2 ಸೆಂಟಿಮೀಟರ್ ಅಗಲದ ಚುಕ್ಕಿಗಳು. ಲೆಕ್ಕ ಹಾಕಿದರೆ ತಿರುವು ನಡುಚುಕ್ಕಿಯಿಂದ 2 ಮೀಟರ್ ದೂರ ಬರುತ್ತದೆ. ಇಬ್ಬರು ಹುಡುಗಿಯರು ನೂಲು ಹಿಡಿದರು. ಅವಳು ಸೀಮೆಸುಣ್ಣ ಹಿಡಿದು ಮಂಡಿಯೂರಿ, ಗೆರೆ ಎಳೆಯುತ್ತಾ ಹಿಂದಕ್ಕೆ ಸರಿಯುತ್ತಾ ಹೋದಳು. ಹೂಕುಂಡದ ಹತ್ತಿರ ತಲುಪಿದಾಗ ತಲೆಯೆತ್ತಿ, "ಟೀಚರ್, ಇದನ್ನು ಸ್ವಲ್ಪ ಆಚೆ ಇಡಬಹುದಾ?" ಎಂದು ಕೇಳಿದಳು. ನಾನೇ ಹೋಗಿ ಎತ್ತಿ ಆಚೆ ಇಟ್ಟೆ.