ತಗ್ಗಿದ ಕಮಾನು

ಅಕ್ಕನ ಮಗ ಪಿಕಪ್ ಕೊಂಡು ತಿಂಗಳಾಗಿರಲಿಲ್ಲ, ಅದರ ಹಿಂಭಾಗ ಕುಸಿದಿತ್ತು. ಖಾಲಿ ಗಾಡಿಯೇ ಇಪ್ಪತ್ತೈದು ಚೀಲ ತೊಗರಿ ಹೊತ್ತಂತೆ ನೆಲಕ್ಕೆ ಊರಿ ಕುಳಿತಿತ್ತು. ನಾನು ಗಾಬರಿಯಾಗಿ ಒಂದು ಸುತ್ತು ಹಾಕಿ ಬಂದರೆ ಅಳಿಯ ನಗುತ್ತಿದ್ದ. “ಎರಡು ಪಾಟಾ ತೆಗಿಸೀನಿ ಮಾಮಾ. ಈಗ ನೋಡ್ರಿ, ಹೆಂಗ ಛಂದ ಕಾಣ್ಲತ್ತದ!”

ನಮ್ಮ ಕಡೆ ಪಾಟಾ ಹಾಕಿಸುವವರನ್ನು ಕಂಡಿದ್ದೇನೆ. ಕಂಪನಿ ಕೊಟ್ಟ ಕಮಾನು ಸಾಲದೆಂದು ಮೇಲೆ ಎರಡು ಪಟ್ಟಿ ಸೇರಿಸಿ, ಗಾಡಿ ತೇಕುವಷ್ಟು ಹೇರಿಕೊಂಡು ಸುಗ್ಗಿಯಲ್ಲಿ ಗಂಜ್ ಮಾರುಕಟ್ಟೆಗೆ ಹೋಗುವವರು. ತೆಗೆಸಿದವನನ್ನು ಕಂಡಿದ್ದು ಅದೇ ಮೊದಲು. ಅಮೆರಿಕದ ಯಾವುದೋ ಪಿಕಪ್ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಹರಿದುಹೋಗುವುದನ್ನು ಅವನು ಮೊಬೈಲಿನಲ್ಲಿ ನೋಡಿದ್ದನಂತೆ. ಅದು ಹರಿಯುತ್ತಿದ್ದ ರಸ್ತೆಯನ್ನು ಮಾತ್ರ ನೋಡಿರಲಿಲ್ಲ.

ನನ್ನ ಮನೆ ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ, ಅಕ್ಕನದು ಕಮಲಾಪುರದಲ್ಲಿ. ನಡುವೆ ಸುಮಾರು 35 ಕಿಲೋಮೀಟರ್ ಹುಮನಾಬಾದ್ ರಸ್ತೆ. ಅಕ್ಕ ತೀರಿಕೊಂಡು ಎರಡು ವರ್ಷವಾದರೂ ಭಾನುವಾರ ಅಲ್ಲಿಗೆ ಹೋಗಿಬರುವ ರೂಢಿ ಬಿಟ್ಟಿಲ್ಲ. ಹೋಗುವಾಗ ಬಸ್ಸು, ಬರುವಾಗ ಅಳಿಯನ ಪಿಕಪ್. ಹಿಂದೆ ಕೆಂಪು ಬಾಳೆಯ ಗೊನೆಗಳು, ಮುಂದೆ ನಾನು. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಸಿಕ್ಕಿದೆ. ಹಾಗಂತ ಅದರ ಸಿಪ್ಪೆಯೇನೂ ಗಟ್ಟಿಯಾಗಿಲ್ಲ. ಪಾಟಾ ತೆಗೆಸಿದ ಮೇಲೆ ಗೊನೆಗಳು ಪೇಟೆ ಸೇರುವ ಹೊತ್ತಿಗೆ ಮೈತುಂಬ ಕಪ್ಪು ಕಲೆ. ನನ್ನ ಕಲೆಗಳು ಹೊರಗೆ ಕಾಣುತ್ತಿರಲಿಲ್ಲ, ಅಷ್ಟೆ. ಗಾಲಿ ಗುಂಡಿಗಿಳಿದರೆ ಧಡ್ ಎಂಬ ಸದ್ದು. ಅದು ಮೊದಲು ಸೀಟಿಗೆ, ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ಕಟ್ಟಿಸಿಕೊಂಡ ಹಲ್ಲಿಗೆ ಮುಟ್ಟುತ್ತಿತ್ತು. ಅದಕ್ಕೆ ಸ್ವಲ್ಪ ಮೊದಲು ಮೂಳೆ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಬೆನ್ನುಮಣಿಗಳ ನಡುವಿನ ಗಾದಿ ಸವೆದಿದೆ, ನಿಮ್ಮ ಎತ್ತರವೂ ಒಂದಿಷ್ಟು ಇಳಿದಿದೆ” ಎಂದಿದ್ದರು. ನನ್ನನ್ನೂ ಯಾರೋ ಹೇಳದೆ ಕೇಳದೆ ತಗ್ಗಿಸಿಬಿಟ್ಟಿದ್ದರು. ಛಂದವೇನೂ ಬಂದಿರಲಿಲ್ಲ.

ಹಾಗಾಗಿ ಅಳಿಯ ನಿಧಾನ ಹೊಡೆಯತೊಡಗಿದ. ಸೈಕಲ್ಲುಗಳು ನಮ್ಮನ್ನು ದಾಟಿ, ತಿರುಗಿ ನೋಡಿ ಹೋಗುತ್ತಿದ್ದವು. ಮಹಾಗಾಂವ ಕ್ರಾಸಿನಲ್ಲಿ ಚಹಾ ಕುಡಿದು ಮನೆ ಮುಟ್ಟಲು ಎರಡು ತಾಸು. ಎರಡು ತಾಸು ಇಬ್ಬರು ಗಂಡಸರು ಸುಮ್ಮನೆ ಕೂರುವುದು ಕಷ್ಟ. ಒಂದು ಸಂಜೆ ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ: “ಅವ್ವ ಸಣ್ಣಾಕಿ ಇದ್ದಾಗ ಹೆಂಗಿದ್ಳು ಮಾಮಾ?”

ಹೇಗಿದ್ದಳು? ಗುಂಡಿಗೊಂದರಂತೆ ನೆನಪಾಯಿತು. ಹುಣಸೆಕಾಯಿಗೆ ಉಪ್ಪು ಹಚ್ಚಿ ಲಂಗದಲ್ಲಿ ಬಚ್ಚಿಡುತ್ತಿದ್ದುದು, ಶಾಲೆಯಲ್ಲಿ ನನ್ನ ಪಾಲಿನ ಏಟನ್ನು ತಾನು ತಿಂದು ಮನೆಯಲ್ಲಿ ಅದನ್ನು ಬಡ್ಡಿಸಮೇತ ನನಗೇ ತಿರುಗಿಸಿದ್ದು. ಗಾಡಿ ಕುಲುಕಿದಾಗೆಲ್ಲ ಮಾತು ತುಂಡಾಗುತ್ತಿತ್ತು. ಅಳಿಯ ಕಾಯುತ್ತಿದ್ದ.

ಕಮಾನು ಎಂಬ ಶಬ್ದಕ್ಕೆ ಎಷ್ಟು ಮನೆ! ಬಿಲ್ಲು, ಬಾಗಿಲ ಮೇಲಿನ ಬಾಗು, ಗಾಡಿಯ ಬುಡದಲ್ಲಿರುವ ಉಕ್ಕಿನ ಪಟ್ಟಿಗಳ ಕಟ್ಟು, ಎಲ್ಲವೂ ಕಮಾನೇ. ನಾನಿರುವ ಬಡಾವಣೆಯ ಹೆಸರಿನಲ್ಲೂ ಒಂದು ಅಡಗಿದೆ. ಫಾರ್ಸಿಯಲ್ಲಿ ಐವಾನ್ ಎಂದರೆ ಕಮಾನಿನ ಬಾಯಿ ತೆರೆದ ಹಜಾರ, ಶಾಹಿ ಎಂದರೆ ಅರಸರದು. ಕೋಟೆಯೊಳಗಿನ ಜಾಮಿ ಮಸೀದಿಗೆ ಒಮ್ಮೆ ಅಳಿಯನನ್ನು ಬೇಕೆಂದೇ ಕರೆದೊಯ್ದೆ. ಖಜ್ವೀನಿನ ರಫಿ ಎಂಬಾತ 1367ರಲ್ಲಿ ಕಟ್ಟಿದ್ದು. ಅದರ ಅಂಚಿನ ಸಾಲಿನ ಕಮಾನುಗಳು ನೆಲದಿಂದ ತುಸುವೇ ಎದ್ದು ಅಗಲಕ್ಕೆ ತೋಳು ಚಾಚಿ ಬಾಗುತ್ತವೆ. ಆರೂವರೆ ಶತಮಾನದಿಂದ ಮಾಡು ಹೊತ್ತಿವೆ. “ನೋಡ್ರಿ ಮಾಮಾ, ಆಗಿನವರೂ ಇಳಿಸ್ಯಾರ!” ಎಂದ. “ಇಳಿಸ್ಯಾರ, ಖರೆ. ಆದ್ರ ಕಲ್ಲು ತೆಗದಿಲ್ಲೋ” ಎಂದೆ.

ಆ ಮಾತು ನಾಟಿತೋ, ಪೇಟೆಯವರು ಕಪ್ಪಾದ ಹಣ್ಣಿಗೆ ದರ ಮುರಿದದ್ದು ನಾಟಿತೋ. ಅಂತೂ ಗಾಡಿ ರಿಂಗ್ ರೋಡಿನ ಒಂದು ತಗಡಿನ ಶೆಡ್ಡಿಗೆ ಬಂತು. ಅಲ್ಲಿಯ ಚಾಚಾ ಗಾಡಿಯಡಿ ತೂರಿ, ಸಣ್ಣ ಸುತ್ತಿಗೆಯಿಂದ ಒಂದೊಂದೇ ಪಾಟಾ ತಟ್ಟಿ, ಕಲ್ಲಂಗಡಿ ಆರಿಸುವವರಂತೆ ಕಿವಿಗೊಟ್ಟರು. ಗಟ್ಟಿಯಿದ್ದದ್ದು ಠಣ್ ಎನ್ನುತ್ತದೆ, ಸೀಳು ಬಿಟ್ಟದ್ದು ಮಂಕಾಗಿ ಗೊಣಗುತ್ತದೆ. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, “ಮಾಸ್ತರ, ಕಮಾನ್ ತೆಗದ್ರ ಗಾಡಿ ಕೆಳಗ ಬರ್ತದ್ರಿ. ಅದರ ಜೋಡಿ ಗುಂಡಿ ಮ್ಯಾಲ ಬರ್ತದ್ರಿ” ಎಂದರು.

ಸಂಗತಿ ಇಷ್ಟು. ಪಟ್ಟಿ ಕಡಿಮೆಯಾದಂತೆ ಕಮಾನು ಮೆತ್ತಗಾಗುತ್ತದೆ, ಆದರೆ ಅದಕ್ಕೆ ಬಾಗಲು ಜಾಗವಿರುವುದಿಲ್ಲ. ಗೊನೆ ಹೇರಿದರೆ ಅಚ್ಚು ನೇರ ಮೇಲಿನ ರಬ್ಬರ್ ತುಂಡಿಗೆ ಹೋಗಿ ಕೂರುತ್ತದೆ. ಆಮೇಲೆ ಅಲ್ಲಿ ಕಮಾನೇ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ. ಉದ್ದನೆಯ ಹಳೆ ಶಾಕಬ್ಸರ್ ಮೊದಲೇ ಮುದುಡಿ ಕುಳಿತಿರುವುದರಿಂದ ಅದಕ್ಕೂ ಚಲಿಸಲು ದಾರಿಯಿಲ್ಲ. ಅಲುಗಾಟ ತಡೆಯಲೆಂದು ಅಳಿಯ ಟೈರಿಗೆ ಹವಾ ಬೇರೆ ಬಿಗಿಯಾಗಿ ತುಂಬಿಸಿದ್ದ!

ಎರಡೂ ಪಾಟಾ ವಾಪಸು ಹಾಕೋಣವೆಂದರು ಚಾಚಾ. ನಾನು ಕಾನೂನು ತೆಗೆದೆ. ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದೆಂದು 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ ಎಂದೆ. “ಸುಪ್ರೀಂ ಕೋರ್ಟ್ ದಿಲ್ಲ್ಯಾಗ ಅದ ಮಾಮಾ, ಗಾಡಿ ಕಮಲಾಪುರದಾಗ ಅದ” ಎಂದ ಅಳಿಯ. ಬದನೆಕಾಯಿ ಚೌಕಾಸಿಯಂತೆ ಇಂಚುಗಳ ಚೌಕಾಸಿ ನಡೆಯಿತು. ಕೊನೆಗೆ ಪಾಟಾ ಎಲ್ಲವೂ ಇರುವುದು, ಬಾಗು ಮಾತ್ರ ಬಡಿದು ಒಂದಿಷ್ಟು ಇಳಿಸುವುದು ಎಂದು ತೀರ್ಮಾನವಾಯಿತು. ಮಸೀದಿಯ ಲೆಕ್ಕ. ಚಾಚಾ ಪಟ್ಟಿಗಳ ನಡುವಿನ ತುಕ್ಕು ಕೆರೆದು ಗ್ರೀಸು ಬಳಿದರು. ಪಟ್ಟಿ ಪಟ್ಟಿಯ ಮೇಲೆ ಜಾರದಿದ್ದರೆ ಕಮಾನು ಒಂದೇ ಕಂಬಿಯಂತೆ ಬಿರುಸಾಗುತ್ತದಂತೆ. ಸವೆದ ಬುಷ್ ಬದಲಿಸಿ, ಗಿಡ್ಡನೆಯ ಶಾಕಬ್ಸರ್ ಕೂರಿಸಿ, ಹವಾ ಇಳಿಸಿದರು. ವಾರ ಬಿಟ್ಟು ಯು-ಬೋಲ್ಟ್ ಮತ್ತೆ ಬಿಗಿಸಿಕೊಂಡು ಹೋಗಲು ಹೇಳಿದರು. ನನ್ನ ಬೆನ್ನನ್ನೂ ಒಮ್ಮೆ ತಟ್ಟಿ ನೋಡಿ ಎನ್ನಬೇಕೆಂದುಕೊಂಡೆ. ಬರುವ ಸದ್ದು ಎಂಥದೋ ಎಂದು ಸುಮ್ಮನಾದೆ.

ಮುಂದಿನ ಭಾನುವಾರ ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ನಾನು ಅಪ್ಪನ ಕಮಾನು ಬಂಡಿಯ ಕಥೆ ಶುರುಮಾಡಿದ್ದೆ. ಅದರ ಕಮಾನು ತಲೆಯ ಮೇಲೆ, ಬಿದಿರು ಬಗ್ಗಿಸಿ ಮಾಡಿದ್ದು. ಬುಡದಲ್ಲಿ ಏನೂ ಇಲ್ಲ, ಹುಲ್ಲು ಹಾಸಿ ಮೇಲೊಂದು ಕೌದಿ. ಶರಣಬಸವೇಶ್ವರ ಜಾತ್ರೆಗೆಂದು ರಾತ್ರಿಯೇ ಊರು ಬಿಟ್ಟಿದ್ದೆವು. ಬೆಳದಿಂಗಳು. ಎಲ್ಲೋ ಒಂದು ಕಲ್ಲಿಗೆ ಗಾಲಿ ಹತ್ತಿಳಿದಾಗ ಹಿಂದೆ ಮಲಗಿದ್ದ ಅಕ್ಕ ಕೌದಿಸಮೇತ ಜಾರಿ ರಸ್ತೆಗೆ ಬಿದ್ದಳು. ಅವಳಿಗೆ ಎಚ್ಚರವಾಗಲಿಲ್ಲ, ಎತ್ತುಗಳಿಗೆ ತಿಳಿಯಲಿಲ್ಲ, ಅಪ್ಪ ಹಾಡಿನಲ್ಲಿದ್ದ. ಬಂಡಿ ಮುಂದೆ ಹೋಗೇಹೋಯಿತು…

“ಐವಾನ್-ಎ-ಶಾಹಿ ಬಂತು ಮಾಮಾ” ಎಂದ ಅಳಿಯ. ಗಡಿಯಾರ ನೋಡಿಕೊಂಡೆ, ಮುಕ್ಕಾಲು ತಾಸೂ ಆಗಿರಲಿಲ್ಲ. ಒಂದು ಚಿಪ್ಪು ಹಣ್ಣು ಕೈಗಿಟ್ಟ. ಒಂದು ಕಲೆಯಿಲ್ಲ. “ಉಳಿದದ್ದು ಮುಂದಿನ ವಾರ ಹೇಳ್ರಿ” ಎಂದು ಗೇರು ಹಾಕಿ ಹೊರಟ.

ಮುಂದಿನ ವಾರ ಅವನಿಗೆ ಬೀದರಿನ ಬಾಡಿಗೆ ಸಿಕ್ಕಿತು, ಅದರಾಚೆಯ ವಾರ ಮತ್ತೊಂದು. ಗಾಡಿಗೆ ಈಗ ಒಳ್ಳೆಯ ಹೆಸರು ಬಂದಿದೆ. ನಾನು ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲೇ. ಮಹಾಗಾಂವ ಕ್ರಾಸ್ ದಾಟುವಾಗ ಕಿಟಕಿಯಿಂದ ಹೊರಗೆ ನೋಡುತ್ತೇನೆ. ಅಕ್ಕ ಇನ್ನೂ ಅಲ್ಲೇ ದಾರಿಯಲ್ಲಿ, ಬೆಳದಿಂಗಳಲ್ಲಿ, ಕೌದಿ ಹೊದ್ದು ಮಲಗಿದ್ದಾಳೆ.