ಅಪ್ಪನ ಹೆಸರಿಗೆ ಬಂದ ಕೆಲಸ

ಸಂಜೆ ಆರು ಗಂಟೆಗೆ ಹುವಾ ಲಂಫೋಂಗ್ ನಿಲ್ದಾಣದಲ್ಲಿ ಎಲ್ಲರೂ ಎದ್ದು ನಿಂತರು. ನೂಡಲ್ಸ್ ತಿನ್ನುತ್ತಿದ್ದ ಹುಡುಗ ಬಟ್ಟಲು ಕೆಳಗಿಟ್ಟ. ಬಕೆಟ್ ಹಿಡಿದು ನೆಲ ಒರೆಸುತ್ತಿದ್ದ ಹೆಂಗಸು ಇದ್ದಲ್ಲೇ ನೆಟ್ಟಗಾದಳು. ಥಾಯ್ಲೆಂಡಿನಲ್ಲಿ ಬೆಳಿಗ್ಗೆ ಎಂಟಕ್ಕೆ, ಸಂಜೆ ಆರಕ್ಕೆ ರಾಷ್ಟ್ರಗೀತೆ. ನಾನೂ ನಿಂತೆ, ಎದೆಗೊಂದು ನೀಲಿ ಪ್ಲಾಸ್ಟಿಕ್ ಫೈಲು ಅವಚಿಕೊಂಡು. ಡಿಗ್ರಿ, ಬಿ.ಎಡ್., ಪೊಲೀಸ್ ಸರ್ಟಿಫಿಕೇಟು, ಶಾಲೆಯ ಪತ್ರ, ಕಾರ್ಮಿಕ ಇಲಾಖೆಯ ಒಪ್ಪಿಗೆ ಕಾಗದ, ಎಂಟು ಪಾಸ್‌ಪೋರ್ಟ್ ಸೈಜಿನ ಫೋಟೋ. ನನ್ನ ಹದಿಮೂರು ವರ್ಷದ ಮೇಷ್ಟ್ರಗಿರಿಯೆಲ್ಲ ಅದರೊಳಗೆ.

ಅದು 2018ರ ಜೂನ್ 18, ಸೋಮವಾರ. ಎಂಟು ಗಂಟೆಗೆ ಬ್ಯಾಂಕಾಕಿನಿಂದ ನೋಂಗ್ ಖಾಯ್‌ಗೆ ರಾತ್ರಿ ರೈಲು. ಅಲ್ಲಿಂದ ಮೇಕಾಂಗ್ ನದಿ ದಾಟಿದರೆ ಲಾವೋಸ್. ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿರುವ ಥಾಯ್ ದೂತಾವಾಸಕ್ಕೆ ಹೋಗಿ, ಥಾಯ್ಲೆಂಡಿನಲ್ಲಿ ಕೆಲಸ ಮಾಡುವ ವೀಸಾ ಕೇಳಿ, ವಾಪಸು ಥಾಯ್ಲೆಂಡಿಗೇ ಬರಬೇಕು. ಫೋನಿನಲ್ಲಿ ಇದನ್ನು ಪುತ್ತೂರಿನಲ್ಲಿರುವ ಅಮ್ಮನಿಗೆ ವಿವರಿಸಲು ಎರಡು ಸಲ ಪ್ರಯತ್ನಿಸಿದೆ. "ಅಲ್ಲ ಮಾರಾಯ್ತಿ, ನೀನು ಪಾಠ ಮಾಡ್ಲಿಕ್ಕೆ ಹೋದದ್ದಾ, ಸೀಲು ಒತ್ತಿಸ್ಲಿಕ್ಕೆ ಹೋದದ್ದಾ?" ಎಂದರು.

ತಪ್ಪು ನನ್ನದೂ ಇತ್ತು. ಊರಿನಲ್ಲಿದ್ದಾಗಲೇ ಚೆನ್ನೈನ ಥಾಯ್ ಕಾನ್ಸುಲೇಟಿನಿಂದ ಉದ್ಯೋಗದ ವೀಸಾ, ಅಂದರೆ ನಾನ್-ಬಿ, ಪಡೆದೇ ಹೊರಡಬೇಕಿತ್ತು. "ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ ಮೇಡಂ, ಉಳಿದದ್ದು ಬಂದ ಮೇಲೆ ನೋಡೋಣ" ಎಂದಿದ್ದರು ಶಾಲೆಯವರು. ಮನೆ ಸಾಲದ ಕಂತು ಕಟ್ಟುತ್ತಿರುವವರಿಗೆ "ಬನ್ನಿ" ಎಂಬ ಒಂದು ಮಾತು ಮಾತ್ರ ಕೇಳಿಸುತ್ತದೆ. ಟೂರಿಸ್ಟ್ ವೀಸಾಕ್ಕೆ 60 ದಿನ. ದೇಶದೊಳಗಿದ್ದೇ ಅದನ್ನು ಬದಲಿಸಿಕೊಳ್ಳುವ ದಾರಿಯೂ ಇತ್ತು, ಆದರೆ ಕನಿಷ್ಠ 15 ದಿನ ಬಾಕಿ ಇರಬೇಕು. ಶಾಲೆಯ ಕಾಗದ ಕೈಗೆ ಬರುವಷ್ಟರಲ್ಲಿ ನನಗೆ ಉಳಿದದ್ದು 12.

ಹಾಗಾಗಿ ಒಂದು ತಿಂಗಳು ನಾನು ಶಾಲೆಯಲ್ಲಿ ಇದ್ದೂ ಇರಲಿಲ್ಲ. ವರ್ಕ್ ಪರ್ಮಿಟ್ ಇಲ್ಲದೆ ಪಾಠ ಮಾಡುವುದು ಕಾನೂನಿಗೆ ವಿರುದ್ಧ. "ಯಾರಾದರೂ ಕೇಳಿದರೆ ನೋಡಲು ಬಂದವಳು ಅನ್ನಿ" ಎಂದು ಆಫೀಸಿನವರು ಹೇಳಿಕೊಟ್ಟಿದ್ದರು. ನೋಡಲು ಬಂದವಳು ವಾರಕ್ಕೆ 22 ಪೀರಿಯಡ್ ಫಿಸಿಕ್ಸ್ ಮಾಡುತ್ತಿದ್ದಳು.

ಹೊರಡುವ ಮುಂಚಿನ ಗುರುವಾರ ಶಾಲೆಯಲ್ಲಿ 'ವಾಯ್ ಖ್ರೂ' ಇತ್ತು. ಖ್ರೂ ಎಂದರೆ ನಮ್ಮ ಗುರುವೇ. ಜೂನ್ ತಿಂಗಳಲ್ಲಿ, ಗುರುವಾರವೇ, ಮಕ್ಕಳು ಗುರುವಂದನೆ ಮಾಡುತ್ತಾರೆ. ವೇದಿಕೆಯ ಮೇಲೆ ಸಾಲಾಗಿ ಕುರ್ಚಿ, ಕುರ್ಚಿಯ ಮೇಲೆ ನಾವು. ಮಕ್ಕಳು ಮೊಣಕಾಲಿನಲ್ಲಿ ತೆವಳಿಕೊಂಡು ಬಂದು, ನೆಲಕ್ಕೆ ಹಣೆ ಹಚ್ಚಿ, ಹೂವಿನ ತಟ್ಟೆ ಕೊಟ್ಟರು. ನನ್ನ ಕೈಗೆ ಬಂದ ತಟ್ಟೆ ನೋಡಿ ಒಂದು ಕ್ಷಣ ಊರಿನಲ್ಲಿದ್ದೇನೋ ಅನ್ನಿಸಿತು. ಗರಿಕೆ, ಕೇಪಳ ಹೂವು, ಬದನೆ ಹೂವು, ಭತ್ತದ ಅರಳು. ಗರಿಕೆಯ ಹಾಗೆ ಬುದ್ಧಿ ಬೇಗ ಹಬ್ಬಲಿ, ಕೇಪಳದ ಮೊಗ್ಗಿನಂತೆ ಚೂಪಾಗಲಿ, ಬದನೆ ಹೂವಿನಂತೆ ತಲೆ ತಗ್ಗಿಸಿ ಇರಲಿ, ಕಾವಲಿಯ ಅರಳಿನಂತೆ ಶಿಸ್ತಿನ ಕಾವಿನಲ್ಲಿ ಅರಳಲಿ ಎಂದು ಅರ್ಥವಂತೆ. ಪಕ್ಕದಲ್ಲಿದ್ದ ಥಾಯ್ ಟೀಚರ್ ವಿವರಿಸಿದರು. ನನ್ನ ಅಜ್ಜಿ ಗಣಪತಿಗೆ ಏರಿಸುತ್ತಿದ್ದ ಗರಿಕೆ ಈಗ ನನ್ನ ಮಡಿಲಿನಲ್ಲಿ, ನಾನೋ ಕಾನೂನಿನ ಪ್ರಕಾರ ಪ್ರವಾಸಿ.

ರೈಲಿನ ಹೆಸರು ಈಸಾನ್ ಮಕ್ಖಾ. ಈಶಾನ್ಯ ಮಾರ್ಗ ಎಂದು ಬಿಡಿಸಿ ಓದಿಕೊಂಡೆ. ಈ ದೇಶದಲ್ಲಿ ಭಾಷೆ ಬಾರದವರನ್ನೂ ಹೀಗೆ ಆಗಾಗ ಒಂದೊಂದು ಶಬ್ದ ಗುರುತು ಹಿಡಿದು ಮಾತಾಡಿಸುತ್ತದೆ. ಸಸ್ಯಾಹಾರಕ್ಕೆ ಮಾಂಗ್ಸವಿರತ್, ಅಂದರೆ ಮಾಂಸವಿರತಿ. ಶಿಕ್ಷಕರಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಖುರುಸಫಾ, ಅಂದರೆ ಗುರುಸಭಾ. ಆದರೆ ಗುರುತು ಹಿಡಿದ ಮಾತ್ರಕ್ಕೆ ನೆಂಟಸ್ತನ ಬೆಳೆಯುವುದಿಲ್ಲ. ಭಾರತೀಯರನ್ನು ಇಲ್ಲಿ 'ಖೇಕ್' ಎನ್ನುತ್ತಾರೆ. ಆ ಶಬ್ದಕ್ಕೆ ಅತಿಥಿ ಎಂಬ ಅರ್ಥವೂ ಇದೆ. ಯಾವಾಗ ಅತಿಥಿ, ಯಾವಾಗ ಬರೇ ಖೇಕ್ ಎಂದು ಹೇಳುವವರ ಮುಖ ನೋಡಿ ತಿಳಿಯಬೇಕು.

ಅಟೆಂಡರ್ ಬಂದು ಎರಡೇ ನಿಮಿಷದಲ್ಲಿ ಸೀಟನ್ನು ಹಾಸಿಗೆ ಮಾಡಿ, ಬಿಳಿ ಹೊದಿಕೆ ಹಾಸಿ, ಪರದೆ ಎಳೆದು ಹೋದ. ಮೇಲಿನ ಬರ್ತಿನವಳು ಮನಿಲಾ ಕಡೆಯ ಗಣಿತದ ಟೀಚರ್, ಮೂವತ್ತರ ಆಸುಪಾಸು. ಅವಳ ಕೈಯಲ್ಲೂ ನೀಲಿ ಫೈಲು. ನಾನು ದೊಡ್ಡವಳೆಂದು 'ಆತೆ' ಎಂದು ಕರೆದಳು. ಅವರ ಭಾಷೆಯಲ್ಲಿ ಅಕ್ಕ. ಒಂದು ರಾತ್ರಿಯಿಡೀ ಅತ್ತೆ ಎಂದು ಕರೆಸಿಕೊಂಡ ಹಾಗಾಯಿತು. ಇದು ಅವಳ ನಾಲ್ಕನೇ ಯಾತ್ರೆ, ಮೂರು ಶಾಲೆ ಬದಲಿಸಿದ್ದಾಳೆ.

"ನಿನಗೆ ಹತ್ತು ತಿಂಗಳ ಸಂಬಳವಾ, ಹನ್ನೆರಡರದ್ದಾ?" ಅವಳು ಮೊದಲು ಕೇಳಿದ್ದೇ ಇದು. ನಾನು ಕಾಂಟ್ರಾಕ್ಟ್ ತೆಗೆದು ನೋಡಿದೆ. ತಿಂಗಳಿಗೆ 35,000 ಬಾತ್. ಆಗಿನ ಲೆಕ್ಕದಲ್ಲಿ ಎಪ್ಪತ್ತು ಸಾವಿರ ರೂಪಾಯಿಯ ಮೇಲೆ. ಎಷ್ಟು ತಿಂಗಳು ಎಂದು ಎಲ್ಲೂ ಬರೆದಿರಲಿಲ್ಲ, 'ಶೈಕ್ಷಣಿಕ ವರ್ಷ' ಎಂದಷ್ಟೇ ಇತ್ತು. ಅವಳು ನಕ್ಕಳು. "ಹಾಗಾದರೆ ಬೇಸಿಗೆಯಲ್ಲಿ ನೀನು ಮತ್ತೆ ಟೂರಿಸ್ಟ್." ಬೋರ್ಡಿನಲ್ಲಿ ಇಂಟರ್‌ನ್ಯಾಷನಲ್ ಎಂದಿದ್ದರೆ ಸಾಲದಂತೆ, ಶಾಲೆ ಯಾವ ತಿಂಗಳಲ್ಲಿ ತೆರೆಯುತ್ತದೆ ನೋಡಬೇಕಂತೆ. ಬ್ರಿಟಿಷ್, ಅಮೆರಿಕನ್ ಪಠ್ಯದ ದೊಡ್ಡ ಶಾಲೆಗಳು ಆಗಸ್ಟಿನಲ್ಲಿ ತೆರೆಯುತ್ತವೆ. ವಿಮಾನದ ಟಿಕೆಟ್ಟು, ಮನೆ ಭತ್ಯೆ, ಆರೋಗ್ಯ ವಿಮೆ ಎಲ್ಲ ಸಾಮಾನ್ಯವಾಗಿ ಅಲ್ಲಿ. ಮೇ ಮಧ್ಯದಲ್ಲಿ ತೆರೆಯುವುದು ಥಾಯ್ ಪಠ್ಯವನ್ನೇ ಇಂಗ್ಲಿಷಿನಲ್ಲಿ ಹೇಳಿಕೊಡುವ ನಮ್ಮಂಥವು.

ಸಂಬಳದ ಮಾತು ಬಂದಾಗ ಇಬ್ಬರೂ ದನಿ ತಗ್ಗಿಸಿದೆವು, ಕೇಳುವವರು ಯಾರೂ ಇಲ್ಲದಿದ್ದರೂ. ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಮೇಜಿನ ಇಂಗ್ಲೆಂಡಿನ ಹುಡುಗ ಪ್ರವಾಸೋದ್ಯಮದಲ್ಲಿ ಪದವಿ ಮಾಡಿದವನು, ಒಳ್ಳೆಯವನು, ನನ್ನ ಒಂದೂವರೆ ಪಟ್ಟು ಸಂಬಳ. ಪಾಸ್‌ಪೋರ್ಟ್ ಬಣ್ಣ ನೋಡಿ ಸಂಬಳ ಕೊಡುತ್ತಾರೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜಾಹೀರಾತಿನಲ್ಲಿ 'ನೇಟಿವ್ ಸ್ಪೀಕರ್' ಎಂದು ಹಾಕುತ್ತಾರೆ, ಮುಗಿಯಿತು. ಗುರುಸಭೆಯ ಲೈಸೆನ್ಸಿನ ವಿಷಯದಲ್ಲಿ ಮಾತ್ರ ನನ್ನ ಬಿ.ಎಡ್. ಗೆದ್ದಿತು. ಶಿಕ್ಷಣದಲ್ಲಿ ಪದವಿ ಇಲ್ಲದ ಅವನಿಗೆ ಎರಡು ವರ್ಷದ ತಾತ್ಕಾಲಿಕ ಪರವಾನಗಿ, ಆಮೇಲೆ ಓದು, ಪರೀಕ್ಷೆ. ನನಗೆ ಆ ಚಿಂತೆ ಕಡಿಮೆ. ಈ ಗೆಲುವಿಗೆ ಬಾತ್ ಲೆಕ್ಕದಲ್ಲಿ ಬೆಲೆಯಿಲ್ಲ, ಆದರೂ ಆ ರಾತ್ರಿ ಅದನ್ನು ಹೇಳಿಕೊಂಡು ಖುಷಿಪಟ್ಟೆ.

ಬೆಳಗಾದಾಗ ಹೊರಗೆ ನಾಟಿಗೆ ಸಿದ್ಧವಾದ ಗದ್ದೆಗಳು, ನಡುನಡುವೆ ಒಂಟಿ ಮರಗಳು, ಕೆಂಪು ಮಣ್ಣು. ನೋಂಗ್ ಖಾಯ್‌ನಲ್ಲಿ ಇಳಿದು ಟುಕ್‌ಟುಕ್ ಹತ್ತಿ ಸೇತುವೆಗೆ ಹೋದೆವು. 1994ರಲ್ಲಿ ಆಸ್ಟ್ರೇಲಿಯಾದ ನೆರವಿನಿಂದ ಕಟ್ಟಿದ ಸೇತುವೆ, ಹೆಸರು ಸ್ನೇಹಸೇತು. ಥಾಯ್ ಕಡೆ ಪಾಸ್‌ಪೋರ್ಟಿಗೆ ನಿರ್ಗಮನದ ಸೀಲು ಬಿತ್ತು. ಒಂದೇ ಪ್ರವೇಶದ ವೀಸಾ, ಹಾಗಾಗಿ ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ಬಸ್ಸು ಸೇತುವೆಯ ಮೇಲಿದ್ದಾಗ ಕೆಳಗೆ ಮೇಕಾಂಗ್, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ನನ್ನ ಬಟ್ಟೆ, ಕುಕ್ಕರು, ಬಾಡಿಗೆ ಕೋಣೆಗೆ ಕೊಟ್ಟ ಎರಡು ತಿಂಗಳ ಠೇವಣಿ ಎಲ್ಲ ಹಿಂದಿನ ದೇಶದಲ್ಲಿ. ಅಲ್ಲಿಗೆ ವಾಪಸು ಹೋಗುವ ಹಕ್ಕು ಸದ್ಯ ನನಗಿಲ್ಲ. ಆಚೆ ದಡದಲ್ಲಿ ಬಸ್ಸು ಎಡದಿಂದ ಬಲಕ್ಕೆ ಹೊರಳಿತು. ಲಾವೋಸಿನಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ. ಲಾವೋಸಿನ ವೀಸಾ ಅಲ್ಲೇ ಸಿಕ್ಕಿತು, ಡಾಲರ್ ಕೊಟ್ಟರೆ. ಸ್ಟಿಕ್ಕರು ಪಾಸ್‌ಪೋರ್ಟಿನ ಇಡೀ ಒಂದು ಪುಟ ತಿಂದಿತು. ಗೆಳತಿ ತನ್ನ ಪಾಸ್‌ಪೋರ್ಟಿನಲ್ಲಿ ಉಳಿದ ಖಾಲಿ ಪುಟಗಳನ್ನು ಎಣಿಸಿಕೊಂಡಳು.

ದೂತಾವಾಸದ ಮುಂದೆ ಆಗಲೇ ಸಾಲು. ಫುಟ್‌ಪಾತಿನಲ್ಲಿ ಮೇಜು ಹಾಕಿ ಫಾರಂ ತುಂಬಿಸಿಕೊಡುವವರು, ಅಂಟು, ಕತ್ತರಿ. ನಮ್ಮ ತಾಲೂಕು ಕಚೇರಿಯ ಹೊರಗಿನ ನೋಟವೇ. ನನ್ನ ಸರದಿ ಬಂತು. ಗಾಜಿನಾಚೆಯ ಹೆಂಗಸು ಪತ್ರ ನೋಡಿದಳು, ಪಾಸ್‌ಪೋರ್ಟ್ ನೋಡಿದಳು, ನನ್ನ ಮುಖ ನೋಡಿದಳು. ಪತ್ರವನ್ನು ತಿರುಗಿಸಿ, ಒಂದು ಸಾಲಿನ ಕೆಳಗೆ ಉಗುರಿನಿಂದ ಗೀರಿದಳು.

"ಈ ಮಿಸ್ಟರ್ ಯಾರು?"

ಅಲ್ಲಿ ನನ್ನ ಅಪ್ಪನ ಹೆಸರಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಎರಡು ಇನಿಶಿಯಲ್, ಒಂದು ಊರಿನದು, ಒಂದು ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರನ್ನು ಬಿಡಿಸಿ ಬರೆಸಿದೆ. ಸರ್‌ನೇಮ್ ಎಂಬಲ್ಲಿ ಖಾಲಿ ಬಿಟ್ಟರು. ನಮ್ಮ ಕಡೆ ಅರ್ಧ ಜನರ ಪಾಸ್‌ಪೋರ್ಟ್ ಹೀಗೆಯೇ. ಶಾಲೆಯ ಕಂಪ್ಯೂಟರಿಗೆ ಖಾಲಿ ಜಾಗ ಹಿಡಿಸದೆ, ಆಫೀಸಿನ ಹುಡುಗಿ ಅಪ್ಪನನ್ನು ಮೊದಲಿಗೆ ತಂದಿದ್ದಳು. ಗಂಡಸಿನ ಹೆಸರೆಂದು ಯಾರೋ ಹೇಳಿರಬೇಕು, ಮಿಸ್ಟರ್ ಸೇರಿಸಿ ನನ್ನನ್ನು ಬಿಟ್ಟೇಬಿಟ್ಟಿದ್ದಳು. ಪುಣ್ಯಕ್ಕೆ ಕಾರ್ಮಿಕ ಇಲಾಖೆಯ ಕಾಗದದಲ್ಲಿ ಹೆಸರು ಸರಿಯಾಗಿತ್ತು. ಅಪ್ಪ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಅಡಿಕೆ ತೋಟಕ್ಕಿಳಿದವರು, ತೀರಿಕೊಂಡು ಒಂಬತ್ತು ವರ್ಷ. ಥಾಯ್ಲೆಂಡಿನಲ್ಲಿ ಫಿಸಿಕ್ಸ್ ಕಲಿಸುವ ಕೆಲಸ ಸಿಕ್ಕಿದ್ದು ಅವರಿಗೆ. ನಗು ಬಂತು. ಗಾಜಿನಾಚೆ ನಗು ಇರಲಿಲ್ಲ. ಹೊಸ ಪತ್ರ ತನ್ನಿ, ನಾಳೆ ಬನ್ನಿ.

ಕಾಗದದ ಜೊತೆ ನನ್ನ ಜಗಳ ಇದೇ ಮೊದಲಲ್ಲ. ಬೆಂಗಳೂರಿನಲ್ಲಿ ಡಿಗ್ರಿ ದೃಢೀಕರಣಕ್ಕೆ ಹಿಡಿದ ಏಜೆಂಟ್ ಅದರ ಬೆನ್ನಿಗೆ ಅಪೊಸ್ಟಿಲ್ ಸ್ಟಿಕ್ಕರ್ ಅಂಟಿಸಿಕೊಂಡು ಬಂದಿದ್ದ. ಅದು ನಡೆಯುವುದು ಹೇಗ್ ಒಪ್ಪಂದದ ದೇಶಗಳಲ್ಲಿ ಮಾತ್ರ, ಥಾಯ್ಲೆಂಡ್ ಅದರಲ್ಲಿರಲಿಲ್ಲ. ಮತ್ತೆ ದೆಹಲಿ, ಮತ್ತೆ ಥಾಯ್ ರಾಯಭಾರ ಕಚೇರಿಯ ಸೀಲು. ಹದಿನೆಂಟು ಸಾವಿರ ರೂಪಾಯಿ ಹೋಯಿತು. ಅವತ್ತು ಬೈಯಲು ಏಜೆಂಟ್ ಇದ್ದ. ಇಲ್ಲಿ ಯಾರನ್ನು ಬೈಯುವುದು, ನನ್ನ ಹೆಸರನ್ನೇ?

ಶಾಲೆಗೆ ಫೋನ್ ಮಾಡಿದೆ. ಆಫೀಸಿನ ಹುಡುಗಿ ಹತ್ತು ಸಲ ಕ್ಷಮೆ ಕೇಳಿದಳು, ಸಂಜೆಗೆ ಪತ್ರ ಕಳಿಸಿದಳು. ಅಲ್ಲಿಯವರೆಗೆ ಮಾಡಲು ಕೆಲಸವಿಲ್ಲ. ಪಟುಸಾಯ್ ಎಂಬ ವಿಜಯದ್ವಾರದ ಮೆಟ್ಟಿಲು ಹತ್ತಿದೆ. ವಿಮಾನ ನಿಲ್ದಾಣದ ರನ್‌ವೇಗೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಇದನ್ನು ಕಟ್ಟಿದರೆಂದು ಹೇಳುತ್ತಾರೆ. ನಿಂತ ರನ್‌ವೇ ಎಂಬ ಅಡ್ಡಹೆಸರೂ ಇದೆ. ಬೇರೆ ಕೆಲಸಕ್ಕೆ ಬಂದ ಸಾಮಾನು ಇನ್ನೇನೋ ಆಗಿ ನಿಂತದ್ದು ನೋಡಿ ಅವತ್ತು ನನಗೆ ಅದರ ಮೇಲೆ ಕೊಂಚ ಅಭಿಮಾನವೇ ಬಂತು. ಸಂಜೆ ನದಿ ದಂಡೆಯಲ್ಲಿ ತಮಿಳರ ಹೋಟೆಲೊಂದು ಸಿಕ್ಕಿತು. ಮೀನಿನ ಸಾಸು ಹಾಕಬೇಡಿ ಎಂದು ಬೇಡಿಕೊಳ್ಳದೆ ಊಟ ಮಾಡಿ ಏಳು ವಾರವಾಗಿತ್ತು. ಎರಡು ದೋಸೆ ತಿಂದೆ, ಸಾಂಬಾರ್ ಮತ್ತೆ ಹಾಕಿಸಿಕೊಂಡೆ. ಆಚೆ ದಡದಲ್ಲಿ ಥಾಯ್ಲೆಂಡಿನ ದೀಪಗಳು ಹೊತ್ತಿದವು. ಮೈಸೂರಿನಿಂದ ಮಗಳ ವಿಡಿಯೋ ಕಾಲ್ ಬಂತು. ಅವಳಿಗಿನ್ನೂ ಏಳೂವರೆ, ನನಗೆ ಒಂಬತ್ತು.

"ಅಮ್ಮಾ, ಅದು ಯಾವ ದೇಶ?"

"ಇದು ಲಾವೋಸ್. ಅದೋ ದೀಪ ಕಾಣ್ತದಲ್ಲ, ಅದು ನನ್ನ ದೇಶ."

"ನಿನ್ನದಾ?"

ಬಾಯಿ ತಪ್ಪಿ ಬಂದ ಮಾತು. ಮಾತು ಬದಲಿಸಿ ಹೋಮ್‌ವರ್ಕ್ ಕೇಳಿದೆ.

ಬುಧವಾರ ಅರ್ಜಿ ಕೊಟ್ಟು 2,000 ಬಾತ್ ಕಟ್ಟಿದೆ. ಗುರುವಾರ ಮಧ್ಯಾಹ್ನ ಪಾಸ್‌ಪೋರ್ಟ್ ಸಿಕ್ಕಿತು, ವೀಸಾ ಸಮೇತ. ಗೆಳತಿ ಹಿಂದಿನ ದಿನವೇ ಹೊರಟು ಹೋಗಿದ್ದಳು. ಸೇತುವೆಯ ಈಚೆಗೆ ಬಂದಾಗ ಥಾಯ್ ಅಧಿಕಾರಿ ಪುಟ ತೆರೆದು ಕೇಳಿದ, "ಖ್ರೂ?"

ಹೌದು ಎಂದೆ. ಮೊದಲ ಸಲ ಸುಳ್ಳಲ್ಲದ ಹೌದು. ಸೀಲು ಒತ್ತಿದ.

ರೈಲಿನಲ್ಲಿ ಡೈರಿ ತೆಗೆದು ಮುಂದಿನ ಕೆಲಸ ಬರೆದುಕೊಂಡೆ. ವೈದ್ಯಕೀಯ ಸರ್ಟಿಫಿಕೇಟು, ವರ್ಕ್ ಪರ್ಮಿಟಿನ ನೀಲಿ ಪುಸ್ತಕ, ವಾಸವನ್ನು ವರ್ಷಕ್ಕೆ ವಿಸ್ತರಿಸಲು 1,900 ಬಾತ್, ಆಮೇಲೆ 90 ದಿನಕ್ಕೊಮ್ಮೆ ಇಮಿಗ್ರೇಷನ್ನಿಗೆ ನಾನಿಲ್ಲೇ ಇದ್ದೇನೆ ಎಂದು ಹೇಳಿ ಬರುವುದು. ಮರೆತು ವಾಸದ ಅವಧಿಯನ್ನೇ ಮೀರಿದರೆ ದಿನಕ್ಕೆ 500 ಬಾತ್ ದಂಡ. ಸೀಲಿನ ಪ್ರಕಾರ ನನ್ನ 90ನೇ ದಿನ ಸೆಪ್ಟೆಂಬರ್ 18. ಕ್ಯಾಲೆಂಡರ್ ನೋಡಿದೆ, ಚೌತಿ 13ಕ್ಕೆ. ಊರಿಗೆ ಹೋಗಿ ಬರಬಹುದು, ಆದರೆ ಹೊರಡುವ ಮೊದಲು ಮರುಪ್ರವೇಶದ ಪರವಾನಗಿ ತೆಗೆಯಬೇಕು. ಇಲ್ಲದಿದ್ದರೆ ದೇಶ ಬಿಟ್ಟ ಕ್ಷಣಕ್ಕೆ ಇದೆಲ್ಲವೂ ರದ್ದು, ಮತ್ತೆ ನೀಲಿ ಫೈಲು. 1,000 ಬಾತ್, ಮತ್ತೆ ಫೋಟೋ. ಫೈಲು ಬಿಚ್ಚಿ ಎಣಿಸಿದೆ. ಎಂಟರಲ್ಲಿ ಮೂರು ಉಳಿದಿದ್ದವು.