ಸರದ ದುಡ್ಡಿಗೆ ಬಂದ ಆಟದ ಪೆಟ್ಟಿಗೆ

ಮಗಳಿಗೆ ಒಂದೆಳೆ ಸರ ಮಾಡಿಸಲೆಂದು ಚೀಟಿ ಕಟ್ಟಿ ಕೂಡಿಟ್ಟ ದುಡ್ಡಿನಲ್ಲಿ, ಅವಳಿಗೆ ಆಟ ಆಡುವ ಕಂಪ್ಯೂಟರ್ ಕೊಡಿಸಿದ ತಾಯಿ ಎಲ್ಲಾದರೂ ಇದ್ದಾಳೆಯೇ ಎಂದು ಕೇಳಿದರೆ, ಗುಬ್ಬಿಯ ನಮ್ಮ ಬೀದಿಯವರು ನೆಟ್ಟಗೆ ನಮ್ಮ ಮನೆಯ ಬಾಗಿಲು ತೋರಿಸುತ್ತಾರೆ. ನಗಬೇಡಿ ಸೋದರಿಯರೇ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

2024ರ ಬೇಸಿಗೆ. ಮಗಳ ಪಿ.ಯು.ಸಿ. ಮುಗಿದು, ತುಮಕೂರಿನಲ್ಲಿ ಬಿ.ಸಿ.ಎ. ಸೇರುವುದೆಂದು ತೀರ್ಮಾನವಾಗಿತ್ತು. ಅದೇ ಹೊತ್ತಿಗೆ ನನ್ನ ಚೀಟಿಯೂ ಬಂತು. ಕೈಗೆ ಬಂದದ್ದು 75 ಸಾವಿರ. ಅಕ್ಕಸಾಲಿಗರ ಅಂಗಡಿಗೆ ಯಾವತ್ತು ಹೋಗೋಣವೆಂದು ನಾನು ಕೇಳಿದರೆ, ಅವಳು ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ಅದರ ತುಂಬಾ ಲೆಕ್ಕ. ಪ್ರೊಸೆಸರ್‌ಗೆ ಇಷ್ಟು, ಕಾರ್ಡಿಗೆ ಇಷ್ಟು, ಪೆಟ್ಟಿಗೆಗೆ ಇಷ್ಟು ಎಂದು.

"ಸರ ಬೇಡಮ್ಮ. ನನಗೆ ಒಂದು ಗೇಮಿಂಗ್ ಪಿ.ಸಿ. ಬೇಕು. ರೆಡಿಮೇಡ್ ಅಲ್ಲ, ಒಂದೊಂದೇ ಭಾಗ ಆರಿಸಿ ನಾನೇ ಜೋಡಿಸ್ತೀನಿ."

"ಓದೋದಕ್ಕೆ ತಾನೇ?" ಅಂದೆ.

"ಓದೋದಕ್ಕೂ ಆಗುತ್ತೆ. ಆದ್ರೆ ಸುಳ್ಳು ಹೇಳಲ್ಲಮ್ಮ, ಕೇಳ್ತಿರೋದು ಆಟಕ್ಕೇ. ಬರೀ ಓದೋಕಾದ್ರೆ ಇದರ ಅರ್ಧ ದುಡ್ಡು ಸಾಕು."

ಓದಿಗೆ ಎಂದು ಹೇಳಿ ಮೊಬೈಲು ಕೊಡಿಸಿಕೊಂಡ ಮಕ್ಕಳನ್ನು ಎಷ್ಟು ನೋಡಿಲ್ಲ ನಾವು? ಇವಳು ನಿಜ ಹೇಳಿದ್ದೇ ನನಗೆ ಕಷ್ಟಕ್ಕೆ ಬಂತು. ಸುಳ್ಳು ಹೇಳಿದ್ದರೆ ಬೈದು ಸುಮ್ಮನಾಗಿಸಬಹುದಿತ್ತು.

ಇವರಿಗೆ ವಿಷಯ ಗೊತ್ತಾದಾಗ ಊಟದ ತಟ್ಟೆ ಮುಂದಿತ್ತು. "ನೀರಲ್ಲಿ ಹೋಮ ಮಾಡೋದು ಅಂದ್ರೆ ಇದೇ. ಹುಡುಗಿಗೆ ಆಟದ ಕಂಪ್ಯೂಟರ್ ಅಂತೆ!" ಎಂದು ಎದ್ದುಹೋದರು. ಆಶ್ಚರ್ಯವೆಂದರೆ ಅವಳ ಪರ ಮಾತಾಡಿದವರು ನಮ್ಮ ಅತ್ತೆ. "ಆಟ ಅಂದ್ರೆ ಈ ಊರಿಗೆ ಹೊಸದೇನೋ? ನಾಟಕದೋರನ್ನೂ ಆಟದೋರು ಅಂತಲೇ ಕರೀತಿದ್ರು. ಹೆಣ್ಣುಮಕ್ಕಳು ಸ್ಟೇಜ್ ಹತ್ತಿದ್ರೆ ಆಗಲೂ ಹಿಂಗೇ ಮೂಗು ಮುರೀತಿದ್ರು" ಅಂದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು ನಮ್ಮದು. ವೀರಣ್ಣನವರು 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನು ಅತ್ತೆ ತಮ್ಮ ಅಪ್ಪನ ಬಾಯಲ್ಲಿ ಕೇಳಿ ಬೆಳೆದವರು. ಆಟಕ್ಕೆ ಯಾಕೆ ಅಷ್ಟು ದುಡ್ಡು ಎಂಬ ಪ್ರಶ್ನೆ ಅವರಿಗೆ ಹುಟ್ಟಲೇ ಇಲ್ಲ.

ಆದರೆ ದುಡ್ಡು ನನ್ನದು, ಹೊಣೆಯೂ ನನ್ನದು. ನನಗೆ ಅರ್ಥವಾಗದೆ ಒಂದು ರೂಪಾಯಿ ಬಿಚ್ಚುವುದಿಲ್ಲ ಎಂದೆ. ಸರಿ, ಮಾರನೆಯ ದಿನದಿಂದ ರಾತ್ರಿ ಪಾತ್ರೆ ತೊಳೆದಾದ ಮೇಲೆ ನನಗೆ ಪಾಠ ಶುರು.

ನನಗೆ ತಿಳಿದಷ್ಟನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಪ್ರೊಸೆಸರ್ ಅಂದರೆ ಅಡುಗೆ ಮಾಡುವವಳು. ರ‍್ಯಾಮ್ ಅಂದರೆ ಅಡುಗೆ ಕಟ್ಟೆ. ಅಗಲವಾಗಿದ್ದಷ್ಟೂ ಒಟ್ಟಿಗೆ ಹೆಚ್ಚು ಪಾತ್ರೆ ಹರಡಿಕೊಳ್ಳಬಹುದು, ಕೆಲಸ ಮುಗಿದು ಕರೆಂಟ್ ತೆಗೆದರೆ ಕಟ್ಟೆ ಖಾಲಿ. ಎಸ್.ಎಸ್.ಡಿ. ಅಂದರೆ ಉಗ್ರಾಣ, ಕರೆಂಟ್ ಹೋದರೂ ಇಟ್ಟ ಸಾಮಾನು ಅಲ್ಲೇ ಇರುತ್ತದೆ. ಮದರ್‌ಬೋರ್ಡ್ ಇವರೆಲ್ಲರನ್ನೂ ಕೂಡಿಸುವ ಮನೆ. ಗ್ರಾಫಿಕ್ಸ್ ಕಾರ್ಡ್ ಅಂಗಳದಲ್ಲಿ ರಂಗೋಲಿ ಬಿಡುವವಳು. ಅದೂ ಎಂಥ ರಂಗೋಲಿ! ಸೆಕೆಂಡಿಗೆ ಅರವತ್ತು, ನೂರು ಸಲ ಹೊಸದಾಗಿ ಬಿಡಬೇಕು. ಆಟದ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು ದುಡ್ಡು ಹೋಗುವುದು ಈ ಕಾರ್ಡಿಗೇ.

ನಾನು ಮೊದಲು ಮಾಡಿದ ತಪ್ಪೆಂದರೆ, ಪ್ರೊಸೆಸರ್ ಒಂದು ಭರ್ಜರಿಯಾಗಿದ್ದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡದ್ದು. "ಅಮ್ಮಾ, ಐವತ್ತು ಜನಕ್ಕೆ ಬೇಯಿಸೋ ಭಟ್ಟರನ್ನ ಕರೆಸಿ ಕೈಗೆ ಒಂದು ಸಣ್ಣ ಬಾಣಲೆ ಕೊಟ್ರೆ?" ಅಂದಳು. ಹೌದಲ್ಲ! ಒಂದಕ್ಕೊಂದು ತೂಕ ಸರಿಯಾಗಿರಬೇಕು.

ಹೊಂದಾಣಿಕೆ ಅನ್ನುವುದು ಇನ್ನೊಂದು ಪಾಠ. ನಮ್ಮ ಕುಕ್ಕರಿಗೆ ಬೇರೆ ಕಂಪನಿಯ ಗ್ಯಾಸ್ಕೆಟ್ ಕೂರುವುದಿಲ್ಲವಲ್ಲ, ಹಾಗೆ. ಅವಳು ಆರಿಸಿದ್ದು ಎ.ಎಂ.ಡಿ. ಕಂಪನಿಯ ರೈಜನ್ 5 5600 ಎಂಬ ಪ್ರೊಸೆಸರ್. ಅದಕ್ಕೆ ಆರು ಕೋರ್, ಅಂದರೆ ಆರು ಜೊತೆ ಕೈ. ಅದು ಕೂರುವುದು ಎ.ಎಂ.4 ಎಂಬ ಸಾಕೆಟ್ ಇರುವ ಬೋರ್ಡಿನಲ್ಲಿ ಮಾತ್ರ. 2022ರಲ್ಲಿ ಎ.ಎಂ.5 ಎಂಬ ಹೊಸದು ಬಂದಿದೆ. ಅದಕ್ಕೆ ಬೋರ್ಡೂ ಹೊಸದು, ರ‍್ಯಾಮೂ ಡಿ.ಡಿ.ಆರ್.5 ಎಂಬ ಹೊಸದೇ ಆಗಬೇಕು. "ಹಳೇ ಮಾಡೆಲ್ ಯಾಕೆ ತಗೋತೀಯ?" ಎಂದರೆ, "ಹೊಸದಕ್ಕೆ ಕಾರ್ಡಿನ ದುಡ್ಡೆಲ್ಲ ಹೋಗುತ್ತೆ. ನಮ್ಮ 75ರಲ್ಲಿ ಇದೇ ಸರಿ" ಎಂದಳು. ಸೀರೆ ಅಂಗಡಿಯಲ್ಲಿ ಹೊಸ ಡಿಸೈನು ಬಿಟ್ಟು ಗಟ್ಟಿ ನೂಲು ಹಿಡಿಯುವ ಬುದ್ಧಿ ಇವಳಿಗೆ ಎಲ್ಲಿಂದ ಬಂತೋ!

ಅಂತೂ ಒಂದು ಶನಿವಾರ ಬೆಳಗಿನ ರೈಲಿಗೆ ಹೊರಟೆವು. ಮೆಜೆಸ್ಟಿಕ್‌ನಲ್ಲಿ ಇಳಿದು, ಮೆಟ್ರೋ ಹಿಡಿದು ಚಿಕ್ಕಪೇಟೆ. ಅಲ್ಲಿಂದ ನಡೆದರೆ ಎಸ್.ಪಿ. ರೋಡು, ಅಂದರೆ ಸಾದರ ಪತ್ರಪ್ಪ ರಸ್ತೆ. ಆ ಇಕ್ಕಟ್ಟು ರಸ್ತೆಯಲ್ಲಿ ವೈರು, ನಟ್ಟು ಬೋಲ್ಟಿನಿಂದ ಹಿಡಿದು ಕಂಪ್ಯೂಟರಿನ ಒಂದೊಂದು ಅಂಗವೂ ಬಿಡಿಬಿಡಿಯಾಗಿ ಸಿಗುತ್ತದೆ.

ಮೊದಲು ಹೊಕ್ಕ ಅಂಗಡಿಯವನು ನನ್ನನ್ನು ನೋಡಿ, "ಮಗನಿಗೇನಮ್ಮ? ಅವನನ್ನೇ ಕರ್ಕೊಂಡ್ ಬರಬೇಕಿತ್ತು" ಅಂದ. "ಮಗಳಿಗೆ. ಇಲ್ಲೇ ನಿಂತಿದ್ದಾಳಲ್ಲ" ಅಂದೆ. ಅವಳು ಚೀಟಿ ನೋಡಿ ಕೇಳುತ್ತಿದ್ದರೆ ಅವನು ಉತ್ತರವನ್ನು ಪಕ್ಕದ ಗಿರಾಕಿಯ ಮುಖ ನೋಡಿ ಹೇಳುತ್ತಿದ್ದ. ಕೊನೆಗೆ ಕಪಾಟಿನಿಂದ ಒಂದು ಕಾರ್ಡು ತೆಗೆದು, "ಇದು ಅರ್ಧ ರೇಟಿಗೇ ಕೊಡ್ತೀನಿ, ಒಂದ್ ಸ್ವಲ್ಪ ಯೂಸ್ ಆಗಿದೆ ಅಷ್ಟೆ" ಅಂದ. ನನಗೆ ಆಸೆಯಾಯಿತು. ಮಗಳು ಕೈ ಹಿಡಿದು ಹೊರಗೆ ಕರೆತಂದಳು. ಆಮೇಲೆ ತಿಳಿಯಿತು: 2021ರ ಸುಮಾರಿಗೆ ಕ್ರಿಪ್ಟೋ ಎಂಬ ಕಾಣದ ನಾಣ್ಯ ಗಳಿಸಲು ಜನ ಇಂಥ ಕಾರ್ಡುಗಳನ್ನು ಹಗಲೂ ರಾತ್ರಿ ಓಡಿಸಿದರಂತೆ. ಆಗ ಹೊಸ ಕಾರ್ಡಿಗೆ ಪ್ರಪಂಚದಲ್ಲೆಲ್ಲ ಬರ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಎಂಬ ದೊಡ್ಡ ನಾಣ್ಯಕ್ಕೆ ಕಾರ್ಡು ಬೇಡವಾದ ಮೇಲೆ, ದುಡಿದು ಸುಸ್ತಾದ ಕಾರ್ಡುಗಳೆಲ್ಲ ಮಾರಾಟಕ್ಕೆ ಬಂದವು. ಹಳೆಯದೆಲ್ಲ ಕೆಟ್ಟದ್ದೆಂದಲ್ಲ. ಆದರೆ ಬಿಲ್ಲು, ವಾರಂಟಿ ಎರಡೂ ಇಲ್ಲದ್ದನ್ನು ಯಾರ ಮುಖ ನೋಡಿ ನಂಬುವುದು?

ಎರಡನೆಯ ಅಂಗಡಿಯಲ್ಲಿ ಕನ್ನಡದ ಹುಡುಗನೊಬ್ಬ ಅವಳ ಚೀಟಿಯನ್ನು ಪೂರ್ತಿ ಓದಿದ. "ಚೆನ್ನಾಗ್ ಮಾಡಿದೀರ ಮೇಡಂ ಲಿಸ್ಟು. ಹದಿನಾರು ಜಿ.ಬಿ. ರ‍್ಯಾಮ್ ಒಂದೇ ಕಡ್ಡಿ ಬೇಡ, ಎಂಟು ಎಂಟು ಎರಡು ತಗೊಳ್ಳಿ, ವೇಗ ಬರುತ್ತೆ" ಅಂದ. ಅದು ಅವಳ ಚೀಟಿಯಲ್ಲೂ ಹಾಗೇ ಇತ್ತು! ಮಗಳ ಮುಖ ಅರಳಿದ್ದನ್ನು ನೋಡಿ ನನಗೂ ಧೈರ್ಯ ಬಂತು.

ಜಗಳವಾದದ್ದು ಎಸ್.ಎಂ.ಪಿ.ಎಸ್. ವಿಷಯದಲ್ಲಿ. ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆ ಹಂಚುವ ಡಬ್ಬಿ ಅದು. ಒಳ್ಳೆಯ ಕಂಪನಿಯದು 550 ವ್ಯಾಟಿನದಕ್ಕೆ 4,800. ಪಕ್ಕದಲ್ಲೇ ಹೆಸರು ಕೇಳದ ಇನ್ನೊಂದು, 1,200. ಮಗಳಿಗೆ ಅಲ್ಲಿ ಆಸೆ ಹುಟ್ಟಿತು. "ಅಮ್ಮಾ, ಇದನ್ನ ತಗೊಂಡು ಉಳಿದ ದುಡ್ಡು ಕಾರ್ಡಿಗೆ ಸೇರಿಸಿದ್ರೆ ಇನ್ನೂ ಒಳ್ಳೇದು ಬರುತ್ತೆ. ಪ್ರೊಸೆಸರ್ 65 ವ್ಯಾಟು, ಕಾರ್ಡು 132. ಎಲ್ಲ ಸೇರಿದ್ರೂ ಮುನ್ನೂರು ದಾಟಲ್ಲ."

ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದ ನಾನು, "ಆಗಲ್ಲ" ಅಂದೆ. ನಮ್ಮ ತೋಟದ ಬೋರಿನ ಮೋಟಾರು ಎರಡು ಸಲ ಸುಟ್ಟದ್ದು ಅಗ್ಗದ ಸ್ಟಾರ್ಟರ್ ಹಾಕಿ. ವೋಲ್ಟೇಜ್ ಬಿದ್ದಾಗ ಮೋಟಾರು ಹೆಚ್ಚು ಕರೆಂಟು ಎಳೆಯುತ್ತದೆ, ತಡೆಯುವವನು ಗಟ್ಟಿಯಿಲ್ಲದಿದ್ದರೆ ಒಳಗಿನ ತಂತಿ ಸುಡುತ್ತದೆ. ಸಾವಿರ ಉಳಿಸಲು ಹೋಗಿ ವೈಂಡಿಂಗಿಗೆ ಸುರಿದದ್ದು ನನಗೆ ಗೊತ್ತು. ಅಂಗಡಿ ಹುಡುಗ ನನ್ನ ಮಾತಿಗೇ ತಲೆಯಾಡಿಸಿದ. ಅಗ್ಗದ ಡಬ್ಬಿಯ ಮೇಲೆ ಬರೆದ ವ್ಯಾಟು ಒಳಗೆ ಇರಲೇಬೇಕೆಂದೇನಿಲ್ಲವಂತೆ. ಕೆಟ್ಟರೆ ಅದೊಂದೇ ಸಾಯದೆ ಬೋರ್ಡು, ಕಾರ್ಡನ್ನೂ ಕರೆದುಕೊಂಡು ಹೋಗಬಹುದಂತೆ. ಕಾರ್ಡು ಒಮ್ಮೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕಕ್ಕಿಂತ ಹೆಚ್ಚು ಎಳೆಯುವುದರಿಂದ ಮುನ್ನೂರಕ್ಕೆ ಮುನ್ನೂರೇ ತರಬಾರದಂತೆ. '80 ಪ್ಲಸ್ ಬ್ರಾಂಜ್' ಎಂದು ಮುದ್ರೆಯಿದ್ದರೆ ಎಳೆದ ಕರೆಂಟಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ಕೆಲಸಕ್ಕೆ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಮಗಳು ಮುಖ ಸಣ್ಣ ಮಾಡಿಕೊಂಡು ಒಪ್ಪಿದಳು.

ಪೆಟ್ಟಿಗೆಯಲ್ಲೂ ಹಾಗೇ. ಮುಂಭಾಗಕ್ಕೆ ಗಾಜು ಹಾಕಿ ಬಣ್ಣಬಣ್ಣದ ದೀಪ ಬಿಟ್ಟ ಕ್ಯಾಬಿನೆಟ್ ನೋಡಿ ಇಬ್ಬರೂ ಮರುಳಾದೆವು. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಗಾಳಿಯಾಡಬೇಡವೇ? ಜಾಲರಿ ಮುಖದ್ದನ್ನೇ ತೆಗೆದುಕೊಂಡೆವು.

ಕೊನೆಯ ಲೆಕ್ಕ, ತೆರಿಗೆಯೂ ಸೇರಿ, ಹೀಗಿತ್ತು: ಪ್ರೊಸೆಸರ್ 12,000, ಬೋರ್ಡು 9,500, ರ‍್ಯಾಮ್ 3,800, ಎಂಟು ಜಿ.ಬಿ.ಯ ಆರ್.ಎಕ್ಸ್. 6600 ಕಾರ್ಡು 21,000, ಒಂದು ಟಿ.ಬಿ.ಯ ಎಸ್.ಎಸ್.ಡಿ. 5,500, ಎಸ್.ಎಂ.ಪಿ.ಎಸ್. 4,800; ಕ್ಯಾಬಿನೆಟ್ 3,900; ಸೆಕೆಂಡಿಗೆ 144 ಚಿತ್ರ ತೋರಿಸುವ ಪರದೆ 11,000; ಕೀಬೋರ್ಡು ಮೌಸು 2,000. ಒಟ್ಟು 73,500. ಕೈಯಲ್ಲಿ ಉಳಿದ ಸಾವಿರದೈನೂರರಲ್ಲಿ ಊಟ, ಆಟೋ, ರೈಲು. ಸರ ಎಂಬುದು ಹಾಗೆ ಒಂಬತ್ತು ರಟ್ಟಿನ ಡಬ್ಬಗಳಾಗಿ ನಮ್ಮ ಜೊತೆ ಗುಬ್ಬಿಗೆ ಬಂತು.

ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಚಾಪೆ ಹಾಸಿ ಕೂತಳು. ಮೂರು ಗಂಟೆ ಹೊತ್ತು ಒಂದೊಂದೇ ತಿರುಪು ಬಿಗಿದಳು. ಇವರು ಪೇಪರ್ ಹಿಡಿದುಕೊಂಡು, ಓದದೆ, ಕುಳಿತಿದ್ದರು. ಸ್ವಿಚ್ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಮತ್ತೆ ಬಿಚ್ಚಿದಳು, ಜೋಡಿಸಿದಳು. ಮತ್ತೆ ಕಪ್ಪು. ಇವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮಗಳ ಕಣ್ಣಲ್ಲಿ ನೀರು. ನನ್ನ ಹೊಟ್ಟೆಯಲ್ಲೂ ಸಂಕಟ: ಯಾರ ಮಾತೂ ಕೇಳದೆ ನಾನೇ ತಾನೆ ಕೊಟ್ಟದ್ದು ದುಡ್ಡು?

ಆಗ ಅವಳ ರಾತ್ರಿ ಪಾಠ ನೆನಪಾಯಿತು. "ಈ ಪ್ರೊಸೆಸರ್‌ಗೆ ಚಿತ್ರ ತೋರಿಸೋ ಶಕ್ತಿಯಿಲ್ಲ, ಎಲ್ಲ ಕಾರ್ಡೇ ಮಾಡಬೇಕು ಅಂದಿದ್ದೆಯಲ್ಲ. ಪರದೆ ವೈರು ಕಾರ್ಡಿಗೇ ಹೋಗಿದೆಯೇನೇ?" ಎಂದು ಕೇಳಿದೆ. ಏನೋ ತಿಳಿದು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು. ಅವಳು ಹಿಂದೆ ಬಗ್ಗಿ ನೋಡಿದಳು. ವೈರನ್ನು ಮೇಲಿನ ಬೋರ್ಡಿನ ತೂತಿಗೆ ಚುಚ್ಚಿದ್ದಳು! ತೆಗೆದು ಕೆಳಗಿನ ಕಾರ್ಡಿಗೆ ಹಾಕಿದಳು. ಪರದೆ ಬೆಳಗಿತು. ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ.

ಇವರು ಪೇಪರ್ ಮಡಿಸಿಟ್ಟು ಎದ್ದರು. "ಆ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲ, ಮೂರನೇ ಪಿನ್ನು ಹೆಸರಿಗೆ ಮಾತ್ರ. ಮಳೆಗಾಲಕ್ಕೆ ಮುಂಚೆ ಗುಂಡಿ ತೆಗೆಸಿ ಇದ್ದಿಲು ಉಪ್ಪು ಹಾಕಿಸ್ತೀನಿ" ಎಂದು ಚಪ್ಪಲಿ ಮೆಟ್ಟಿ ಎಲೆಕ್ಟ್ರಿಷಿಯನ್ನನ್ನು ಕರೆಯಲು ಹೋದರು. ನಮ್ಮವರು ಒಪ್ಪಿಗೆ ಕೊಡುವ ರೀತಿಯೇ ಅದು.

ಅಂದು ಸಂಜೆ ಅವಳು ಮೊದಲು ತೋರಿಸಿದ್ದು 'ರಾಜಿ' ಎಂಬ ಆಟ. 2020ರಲ್ಲಿ ಪುಣೆಯ ಹುಡುಗರು ಮಾಡಿದ್ದಂತೆ. ಸರ್ಕಸ್ ಹುಡುಗಿಯೊಬ್ಬಳು ದುರ್ಗೆಯಿಂದ ತ್ರಿಶೂಲ ಪಡೆದು, ರಾಕ್ಷಸರು ಹೊತ್ತೊಯ್ದ ತಮ್ಮನನ್ನು ಹುಡುಕುವ ಕಥೆ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಸೀನರಿ ಎಷ್ಟು ಚೆನ್ನಾಗಿದೆ! ಪರದೆ ಬದಲಾಯಿಸೋದೇ ಗೊತ್ತಾಗಲ್ವಲ್ಲೇ" ಅಂದರು.

ಎಲ್ಲವೂ ಸುಖಾಂತ ಎಂದುಕೊಳ್ಳಬೇಡಿ. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದ ಅಂಕ ಇಳಿಯಿತು. ಈಗ ಪರೀಕ್ಷೆಯ ಎರಡು ವಾರ ಪೆಟ್ಟಿಗೆಯ ಮೇಲೆ ನನ್ನ ಹಳೇ ಸೀರೆ ಹೊದಿಸುತ್ತೇವೆ. ದುಡ್ಡು ಪಣಕ್ಕಿಡುವ ಆಟ ಮನೆಗೆ ಬರಕೂಡದೆಂದು ಮೊದಲೇ ಹೇಳಿದ್ದೆ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಅಂಥ ಆನ್‌ಲೈನ್ ಆಟಗಳ ವಿರುದ್ಧ ಕಾನೂನು ಮಾಡಿದಾಗ, "ನಿಮ್ಮಮ್ಮ ಡೆಲ್ಲಿಯವರಿಗಿಂತ ಮುಂಚೆ" ಎಂದು ಇವರು ನಕ್ಕರು. ಚಿನ್ನದ ರೇಟು ಏರಿದಾಗಲೆಲ್ಲ, ಆ ದಿನ ಸರ ಕೊಂಡಿದ್ದರೆ ಇಂದು ಎಷ್ಟಾಗುತ್ತಿತ್ತು ಎಂದೂ ಇವರೇ ಲೆಕ್ಕ ಹೇಳುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ, ನಾನು ಎದುರಾಡುವುದಿಲ್ಲ. ಕಂಪ್ಯೂಟರ್ ಹಳತಾದಷ್ಟೂ ಬೆಲೆ ಇಳಿಯುತ್ತದೆ, ಚಿನ್ನ ಹಾಗಲ್ಲ.

ಆದರೂ ಹೋದ ತಿಂಗಳು ಪಕ್ಕದ ಬೀದಿಯ ಹುಡುಗನೊಬ್ಬ ತನ್ನ ಕಂಪ್ಯೂಟರ್ ಹೊತ್ತುಕೊಂಡು ನಮ್ಮ ಮನೆಗೆ ಬಂದ. "ಅಕ್ಕ ಇದಾರಾ ಆಂಟಿ? ಆನ್ ಆಗ್ತಿಲ್ಲ" ಅಂದ. ಮಗಳು ಕಾಲೇಜಿನಿಂದ ಇನ್ನೂ ಬಂದಿರಲಿಲ್ಲ. "ಕೂತ್ಕೊಳಪ್ಪಾ, ಕಾಫಿ ಕುಡಿ" ಎಂದು, ಸುಮ್ಮನೆ ಒಂದು ಮಾತು ಕೇಳಿದೆ: "ಎಸ್.ಎಂ.ಪಿ.ಎಸ್. ಯಾವ ಕಂಪನೀದು ಹಾಕ್ಸಿದೀಯ?"